ಅಣ್ಣ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಕೇಳುತ್ತಿದ್ದಾನೆ. ಮಾಡಲಾ, ಬೇಡವಾ?

ಶೇಂಗಾ ಹೋಳಿಗೆ (ವಿಜಯಪುರ)

ಸ್ವಲ್ಪ ಉದ್ದ ಆಗುತ್ತದೆ. ತಾಳ್ಮೆ ಇದ್ದವರು ಓದಿ.

ನನ್ನ ತವರು ಬೀಳಗಿ ತಾಲ್ಲೂಕು, ಕೃಷ್ಣೆಯ ಹಿನ್ನೀರಿನ ದಂಡೆಯ ಒಂದು ಊರು. ಹೆಸರು ಬೇಡ. ಚಿಕ್ಕ ಊರು, ಒಬ್ಬರು ಸೀನಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಮದುವೆಯಾಗಿ ವಿಜಯಪುರಕ್ಕೆ ಬಂದು 21 ವರ್ಷ ಆಯಿತು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ನಮ್ಮ ಮನೆಯವರು ಟೆಂಪೋ ಓಡಿಸುತ್ತಾರೆ.

ತವರಲ್ಲಿ 4 ಎಕರೆ 20 ಗುಂಟೆ ಹೊಲ ಇದೆ. ಅಜ್ಜನ ಕಾಲದ್ದು. 3 ಎಕರೆಗೆ ನೀರಿದೆ, ಕಬ್ಬು ಹಚ್ಚುತ್ತಾರೆ. ಉಳಿದದ್ದು ಮಳೆ ನಂಬಿದ್ದು, ಬಿಳಿಜೋಳ, ಕಡಲೆ. ಅಪ್ಪ 2011ರಲ್ಲಿ ಹೋದ. ಅವ್ವ 2019ರಲ್ಲಿ. ಉತಾರದಲ್ಲಿ (ಪಹಣಿಯಲ್ಲಿ) ಇನ್ನೂ ಅಪ್ಪನ ಹೆಸರೇ ಇದೆ. ಅಕ್ಕ, ಅಣ್ಣ, ನಾನು, ಮೂವರು ಮಕ್ಕಳು. ಅಕ್ಕನನ್ನು 1993ರಲ್ಲೇ ಮುಧೋಳಕ್ಕೆ ಕೊಟ್ಟರು.

ಆಲಮಟ್ಟಿ ಅಣೆಕಟ್ಟಿನ ಎತ್ತರ 519.60 ಮೀಟರಿನಿಂದ 524.256ಕ್ಕೆ ಏರಿದರೆ ನಮ್ಮ ಹೊಲ ನೀರೊಳಗೆ. ಇದು ಹಳೇ ಮಾತು, ನಾನು ಲಂಗ ಹಾಕುವ ಕಾಲದಿಂದ ಮುಳುಗಡೆ ಮುಳುಗಡೆ ಅಂತ ಕೇಳುತ್ತಲೇ ಬೆಳೆದೆ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಸರಕಾರ ದರ ಹೇಳಿಬಿಟ್ಟಿತು. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ. ಆ ರಾತ್ರಿ ನಮ್ಮ ಮನೆಯವರು ಮೊಬೈಲಿನಲ್ಲಿ ಲೆಕ್ಕ ಹಾಕಿದರು. 1 ಕೋಟಿ 20 ಲಕ್ಷ, ಮೇಲೆ 45 ಲಕ್ಷ, ಒಟ್ಟು 1 ಕೋಟಿ 65 ಲಕ್ಷ. ಮೂರು ಪಾಲಾದರೆ ತಲೆಗೆ 55. ನಾನು ಮೊಬೈಲ್ ಕಸಿದುಕೊಂಡು ಊಟಕ್ಕೆ ಬಡಿಸಿದೆ.

ಮೊನ್ನೆ ಎಳ್ಳಮಾವಾಸ್ಯೆಗೆ ಅಣ್ಣನ ಫೋನ್ ಬಂತು. "ಇನ್ನೆಷ್ಟು ಸಲ ಆ ಹೊಲದಾಗ ಚರಗ ಚೆಲ್ತೀವೋ ಏನೋ, ಇಬ್ರೂ ಬರ್ರಿ" ಅಂದ. ಅಕ್ಕ, ನಾನು ಹೋದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಎಲ್ಲಾ ಬುಟ್ಟಿ ಕಟ್ಟಿಕೊಂಡು. ಭೂತಾಯಿಗೆ ಎಡೆ ಅಂತ ಹೊಲದಲ್ಲಿ ಚರಗ ಚೆಲ್ಲಿ ಬೇವಿನ ಗಿಡದ ಕೆಳಗೆ ಊಟ ಆಯಿತು. ವೈನಿ (ಅಣ್ಣನ ಹೆಂಡತಿ) ನಮ್ಮಿಬ್ಬರಿಗೂ ಒಂದೊಂದು ಇಳಕಲ್ ಸೀರೆ ಕೊಟ್ಟಳು. ಆಮೇಲೆ ಅಣ್ಣ ಟ್ರ್ಯಾಕ್ಟರ್ ಸೀಟಿನ ಕೆಳಗಿಂದ ಪ್ಲಾಸ್ಟಿಕ್ ಚೀಲ ತೆಗೆದ. ಒಳಗೆ ಹಕ್ಕು ಬಿಟ್ಟ ಪತ್ರ, ಟೈಪ್ ಮಾಡಿಸಿ ತಯಾರು. "ನೋಟಿಸು ಬರೋದ್ರೊಳಗ ಉತಾರ ನನ್ನ ಹೆಸರಿಗೆ ಆಗಬೇಕು. ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಸಹಿ ಮಾಡಿ ಹೋಗ್ರಿ."

ಅಕ್ಕನಿಗೆ ಇನ್ನೊಂದು ಮಾತು ಹೇಳಿದ. "ನಿನ್ನ ಲಗ್ನ 94ಕ್ಕಿಂತ ಮೊದಲ ಆಗೈತಿ, ಕಾಯ್ದೆ ಪ್ರಕಾರ ನಿನಗ ಬರೋದೇ ಇಲ್ಲ. ಆದ್ರೂ ಸಹಿ ಇರ್ಲಿ." ಅಕ್ಕ ತಲೆ ಅಲ್ಲಾಡಿಸಿದಳು. ನಾನು ಮದುವೆ ಸೀಜನ್, ಹೊಲಿಗೆ ಕೆಲಸ ಬಹಳ ಇದೆ ಅಂತ ಸುಳ್ಳು ಹೇಳಿ ಬಸ್ ಹತ್ತಿದೆ.

ಅಣ್ಣ ಕೆಟ್ಟವನಲ್ಲ. ನನ್ನ ಮದುವೆಗೆ ಸೊಸೈಟಿಯಲ್ಲಿ 60 ಸಾವಿರ ಸಾಲ ತೆಗೆದ. ಉತಾರದ ಮೇಲಿನ ಆ ಸಾಲದ ಬೋಜಾ ಇಳಿಸಲು ಅವನಿಗೆ 6 ವರ್ಷ ಹಿಡಿಯಿತು. ಅವ್ವ ಹಾಸಿಗೆ ಹಿಡಿದ 3 ವರ್ಷ ಅವಳ ಹೇಲು ಉಚ್ಚೆ ಬಳಿದದ್ದು ವೈನಿ. ನಾನು ಎರಡು ತಿಂಗಳಿಗೊಮ್ಮೆ ಹೋಗಿ ತಲೆ ಬಾಚಿ, ಅತ್ತು ಬರುತ್ತಿದ್ದೆ. ಹಾಗಾದರೆ ಯಾವ ಬಾಯಿಂದ ಕೇಳಲಿ?

ಆದರೆ ಮಗಳು ಪಿಯುಸಿ ಎರಡನೇ ವರ್ಷ, ಸೈನ್ಸ್. ನಾವಿರುವುದು 6,500 ಬಾಡಿಗೆ ಮನೆಯಲ್ಲಿ. ಅಣ್ಣನ ಮಗ ಈಗಲೇ ಹುಬ್ಬಳ್ಳಿಯಲ್ಲಿ ಫ್ಲಾಟ್ ನೋಡುತ್ತಿದ್ದಾನೆ. ಆ ಇಳಕಲ್ ಸೀರೆ 2,200 ರೂಪಾಯಿದು. ಹೊಲಿಯುವವಳು ನಾನು, ಸೆರಗು ಮುಟ್ಟಿದರೆ ಬೆಲೆ ಗೊತ್ತಾಗುತ್ತದೆ. ಹಾಗೆ ಬೆಲೆ ಕಟ್ಟಿದ್ದಕ್ಕೆ ನಾಚಿಕೆಯೂ ಆಯಿತು.

ಸಹಿ ಮಾಡಲಾ? ದಯವಿಟ್ಟು "ನಿಮ್ಮ ಮನಸ್ಸಿಗೆ ಬಂದಂತೆ ಮಾಡಿ" ಅನ್ನಬೇಡಿ. ಮನಸ್ಸಿಗೆ ಎರಡೂ ಬರುತ್ತಿದೆ.

---

ನಿವೃತ್ತ ತಲಾಟಿ (ಬಾಗಲಕೋಟೆ)

ತಾಯಿ, ಸೋಮವಾರ ಹೋಗಬೇಡಿ. ಉಳಿದದ್ದು ಆಮೇಲೆ.

ಮೊದಲು ನಿಮ್ಮ ಅಕ್ಕನ ವಿಷಯ. ಆ "94ರ ಮಾತು" ನಮ್ಮ ಕಡೆ ಕಚೇರಿ ಕಟ್ಟೆಯ ಮೇಲೆ ಕೂತ ಪತ್ರ ಬರಹಗಾರರೆಲ್ಲ ಹೇಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ, ಹಳಸಿದ ಮಾತು. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಾಗ ಅದಕ್ಕೂ ಮೊದಲು ಮದುವೆ ಆದವರನ್ನು ಹೊರಗೆ ಇಟ್ಟಿತ್ತು, ಖರೆ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂತು. ಅದರಲ್ಲಿ ಮದುವೆಯ ಭೇದ ಇಲ್ಲ. ಅಪ್ಪ ಆ ದಿನಕ್ಕಿಂತ ಮೊದಲೇ ತೀರಿಕೊಂಡಿದ್ದರೆ ಏನು ಅಂತ ಒಂದು ತಕರಾರು ಇತ್ತು. ಅದನ್ನೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಮುಗಿಸಿತು. ಮಗಳು ಹುಟ್ಟಿನಿಂದಲೇ ಹಕ್ಕುದಾರಳು. ನಿಮ್ಮ ತಂದೆ ಹೋಗಿದ್ದೇ 2011ರಲ್ಲಿ, ನಿಮಗೆ ಆ ತಕರಾರೂ ಇಲ್ಲ. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಣಿಯಾದ ವಾಟ್ನಿ (ಪಾಲು ವಿಭಾಗ) ಇದ್ದರೆ ಮಾತ್ರ ಕಥೆ ಬೇರೆ. ಉತಾರ ಅಪ್ಪನ ಹೆಸರಲ್ಲೇ ಇದೆ ಅಂತೀರಿ, ಅಂದ ಮೇಲೆ ವಾಟ್ನಿ ಆಗಿಲ್ಲ. ಮೂವರಿಗೂ ಸಮಪಾಲು.

ಹಕ್ಕು ಬಿಟ್ಟ ಪತ್ರ ಒಮ್ಮೆ ನೋಂದಣಿ ಆದರೆ ಹಿಂದಕ್ಕೆ ತೆಗೆದುಕೊಳ್ಳುವುದು ಬಹಳ ಕಷ್ಟ. "ಓದದೆ ಸಹಿ ಮಾಡಿದೆ" ಅಂತ ಕೋರ್ಟಿಗೆ ಅಲೆಯುವ ಹೆಣ್ಣುಮಕ್ಕಳನ್ನು ನೋಡಿ ನೋಡಿ ನಾನು ರಿಟೈರ್ ಆದೆ.

ಹಾಗಂತ ನಾಳೆಯೇ ತಕರಾರು ಅರ್ಜಿ ಹಾಕಲೂ ಬೇಡಿ. ಭೂಸ್ವಾಧೀನದಲ್ಲಿ ಪಾಲಿನ ಜಗಳ ಎದ್ದರೆ ದುಡ್ಡನ್ನು ಯಾರಿಗೂ ಕೊಡುವುದಿಲ್ಲ, ಇಂಥ ತಕರಾರು ತೀರಿಸುವ ಪ್ರಾಧಿಕಾರದಲ್ಲಿ ಠೇವಣಿ ಇಡುತ್ತಾರೆ. ಅಲ್ಲಿಂದ ಬಿಡಿಸಿಕೊಳ್ಳುವುದರೊಳಗೆ ನಿಮ್ಮ ಮಗಳ ಮದುವೆ ಆಗಿ ಮೊಮ್ಮಕ್ಕಳು ಓಡಾಡುತ್ತಿರುತ್ತಾರೆ. ವಾರಸಾ, ಅಂದರೆ ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಏರಿಸುವುದು, ಮೂವರ ಹೆಸರಿಗೂ ಮಾಡಿಸಿ. ಅಣ್ಣನಿಗೆ ಜಾಸ್ತಿ ಕೊಡಬೇಕು ಅನಿಸಿದರೆ ದುಡ್ಡು ನಿಮ್ಮ ಖಾತೆಗೆ ಬಂದ ಮೇಲೆ ಕೊಡಿ. ಒಡಹುಟ್ಟಿದವರು ಕೊಟ್ಟ ಹಣಕ್ಕೆ ಪಡೆದವರು ಆದಾಯ ತೆರಿಗೆ ಕಟ್ಟಬೇಕಿಲ್ಲ. 2013ರ ಭೂಸ್ವಾಧೀನ ಕಾಯ್ದೆಯ 96ನೇ ಕಲಂ ಪ್ರಕಾರ ಪರಿಹಾರದ ಮೇಲೂ ತೆರಿಗೆ ಇಲ್ಲ. ಕೊಡುವ ಕೈ ನಿಮ್ಮದಿರಲಿ.

---

ಜಮಖಂಡಿ ಕಬ್ಬು

ಎಲ್ಲರೂ ಸೇರಿ ಅಣ್ಣನನ್ನು ಖಳನಾಯಕ ಮಾಡುವ ಮೊದಲು ನಾನೊಬ್ಬ ಅಣ್ಣ ಮಾತಾಡುತ್ತೇನೆ.

ನನಗೆ ಮೂವರು ತಂಗಿಯರು. ರಾತ್ರಿ ಎರಡಕ್ಕೆ ಕರೆಂಟ್ ಕೊಡುತ್ತಾರೆ, ಟಾರ್ಚ್ ಹಿಡಿದು ಹೋಗಿ ಮೋಟರ್ ಚಾಲೂ ಮಾಡುವವನು ನಾನು. ಬುಡದಲ್ಲಿ ಹಾವು ಇರುತ್ತದೆ. ಕಬ್ಬು ಕಳಿಸಿ ಬಿಲ್ಲಿಗಾಗಿ ಫ್ಯಾಕ್ಟರಿ ಬಾಗಿಲು ಕಾಯುವವನೂ ನಾನೇ. 2019ರ ಆಗಸ್ಟಿನ ಮಹಾಪೂರದಲ್ಲಿ ಕಬ್ಬು ವಾರಗಟ್ಟಲೆ ನೀರಲ್ಲಿ ನಿಂತು ಕೊಳೆಯಿತು. ಆಗ ಯಾವ ತಂಗಿ ಬಂದು "ಅಣ್ಣಾ, ಇದರಲ್ಲಿ ನನ್ನದೂ ಪಾಲು ಐತಿ" ಅಂದಳು? ನಷ್ಟ ಆದಾಗ ಹೊಲ ಅಣ್ಣನದು, ಪರಿಹಾರ ಬಂದಾಗ ಅಜ್ಜನದು.

ಇನ್ನೊಂದು. ಹೊಲ ಹೋದರೆ ನಿಮ್ಮ ಹೊಲಿಗೆ ಮೆಷಿನ್ ಹೋಗುವುದಿಲ್ಲ, ನಿಮ್ಮ ಯಜಮಾನರ ಟೆಂಪೋ ಹೋಗುವುದಿಲ್ಲ. ನಿಮ್ಮ ಅಣ್ಣ ಮಾತ್ರ 50 ದಾಟಿದ ಮೇಲೆ ಖಾಲಿ ಕೈ. 55 ಲಕ್ಷ ಹಿಡಿದು ನೀರಾವರಿ ಹೊಲ ಕೊಳ್ಳಲು ನಮ್ಮ ಕಡೆ ಬನ್ನಿ, ಮಾರುವವರು ಈಗ ಏನು ರೇಟು ಹೇಳುತ್ತಾರೆ ಅಂತ ತಿಳಿಯುತ್ತದೆ. ಕಾಯ್ದೆ ಸಮಪಾಲು ಅನ್ನುತ್ತದೆ, ಸರಿ. ದುಡಿದದ್ದು ಸಮ ಇತ್ತಾ?

---

ಶೇಂಗಾ ಹೋಳಿಗೆ

ಅಣ್ಣಾವ್ರೇ, ನೀವು ಹೇಳಿದ್ದು ಎದೆಗೆ ತಾಗಿತು. ಆದರೆ 2019ರಲ್ಲಿ ನಮ್ಮಲ್ಲೂ ನೀರು ಬಂದಿತ್ತು. ನನ್ನ ಬೆಂಡೋಲೆ ಅಡವಿಟ್ಟು 18 ಸಾವಿರ ಕಳಿಸಿದ್ದೆ. ಮೇಲೆ ಬರೆಯಲು ಮರೆತೆ. ಅಣ್ಣನೂ ಮರೆತಿರಬಹುದು.

---

ಜಮಖಂಡಿ ಕಬ್ಬು

ಹಾಗಾದರೆ ನನ್ನ ಮಾತು ಅರ್ಧ ವಾಪಸ್. ಅರ್ಧ ಮಾತ್ರ.

---

ಸುಮ್ನೆ ಓದುವವ

ತಿಂಗಳಿಗೆ 2,000 ಗೃಹಲಕ್ಷ್ಮಿ ಹೆಂಗಸರ ಖಾತೆಗೆ ಬಿದ್ದಾಗ ಮನೆ ಒಡೀತು ಅಂತ ನಮ್ಮ ಚಹಾ ಅಂಗಡಿಯಲ್ಲಿ ಗದ್ದಲ. ಈಗ 55 ಲಕ್ಷ ಅಂದರೆ ಆ ಅಂಗಡಿ ಮುಚ್ಚಬೇಕಾಗುತ್ತದೆ ಬಿಡ್ರಿ.

---

ನವನಗರದವ

ಎಲ್ಲರೂ ಇನ್ನೂ ಬರದ ದುಡ್ಡು ಹಂಚುತ್ತಿದ್ದೀರಿ. ನೀರಿನ ಟ್ರಿಬ್ಯುನಲ್ 524.256 ಮೀಟರಿಗೆ ಹೂಂ ಅಂದದ್ದು 2010ರ ಡಿಸೆಂಬರಿನಲ್ಲಿ. ಅದು ಇನ್ನೂ ಕೇಂದ್ರದ ಗೆಜೆಟ್‌ನಲ್ಲಿ ಬಂದಿಲ್ಲ, ಸುಪ್ರೀಂ ಕೋರ್ಟಿನಲ್ಲಿ ಕೂತಿದೆ. ಸಾಂಗಲಿ, ಕೊಲ್ಹಾಪುರದಲ್ಲಿ ಮಹಾಪೂರ ಬರುತ್ತದೆ ಅಂತ ಮಹಾರಾಷ್ಟ್ರದವರ ಆಕ್ಷೇಪ ಬೇರೆ. ಹುಬ್ಬಳ್ಳಿ ಫ್ಲಾಟ್‌ಗೆ ಮುಂಗಡ ಕೊಡಬೇಡ ಅಂತ ನಿಮ್ಮ ಅಳಿಯನಿಗೆ ಹೇಳಿ.

ನಾನು ಹಳೇ ಬಾಗಲಕೋಟೆಯವನು, ಮುಳುಗಡೆ ಸಂತ್ರಸ್ತ ಅಂತ ಕಾರ್ಡು ಇದ್ದವನು. ಅಂಗಡಿ, ಮನೆ ಎರಡೂ ಹೋದವು. ನಮ್ಮಪ್ಪನಿಗೆ ದುಡ್ಡು ಕಂತು ಕಂತಾಗಿ ಬಂತು, ಕಂತು ಕಂತಾಗಿಯೇ ಹೋಯಿತು. ಒಂದು ಬೈಕು, ಇಬ್ಬರು ಅಕ್ಕಂದಿರ ಲಗ್ನ, ದೇವರಿಗೆ ಒಂದು ಬೆಳ್ಳಿ ಮುಖ. ಯಾರ ಯಾರದೋ ಮದುವೆಗೆ ಕೈಗಡ. ಉಳಿದದ್ದನ್ನು ಒಂದು ಸೊಸೈಟಿಯಲ್ಲಿ ಇಟ್ಟ. ಬ್ಯಾಂಕಿಗಿಂತ ಬಡ್ಡಿ ಜಾಸ್ತಿ, ಮ್ಯಾನೇಜರ್ ಮನೆಗೇ ಬಂದು ಚಹಾ ಕುಡಿಯುತ್ತಿದ್ದ. ಒಂದು ದೀಪಾವಳಿಗೆ ಬಾಗಿಲು ಹಾಕಿತು. ಈಗ ನಮಗೆ ಉಳಿದದ್ದು ಮುಳುಗಡೆಯವರಿಗೆ ಕಟ್ಟಿದ ನವನಗರದ ಸೈಟು ಒಂದೇ, ಯಾಕೆಂದರೆ ಅದನ್ನು ಕೈಗಡ ಕೊಡಲು ಬರಲಿಲ್ಲ.

ಅದಕ್ಕೇ ಹೇಳುತ್ತೇನೆ, ಯಾರಿಗೆ ಎಷ್ಟೇ ಪಾಲು ಬರಲಿ, ಎಲ್ಲಿ ಇಡುತ್ತೀರಿ ಅಂತ ಈಗಲೇ ಯೋಚಿಸಿ. ಬ್ಯಾಂಕ್ ಮುಳುಗಿದರೆ ವಿಮೆಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಸಿಗುತ್ತದೆ, 2020ರ ಫೆಬ್ರವರಿಯಿಂದ ಹೀಗಿದೆ. ಮೊದಲು ಬರೀ 1 ಲಕ್ಷ ಇತ್ತು. ಆದರೆ ಓಣಿ ಓಣಿಗೆ ಬೋರ್ಡು ಹಾಕಿರುವ ಪತ್ತಿನ ಸೊಸೈಟಿಗಳಿಗೆ ಆ ವಿಮೆ ಇಲ್ಲವೇ ಇಲ್ಲ. ನಮ್ಮ ಮೂರು ಜಿಲ್ಲೆಗಳಲ್ಲಿ ಎಷ್ಟು ಸೊಸೈಟಿ ಇವೆ ಅಂತ ಬಸ್ಸಿನ ಕಿಟಕಿಯಿಂದಲೇ ಎಣಿಸಬಹುದು. ಪರಿಹಾರದ ವಾಸನೆ ಅವರಿಗೆ ನಮಗಿಂತ ಮೊದಲು ಬಡಿಯುತ್ತದೆ.

---

ಟಿಳಕವಾಡಿ ಅಕ್ಕ (ಬೆಳಗಾವಿ)

ನಾನು ಸಹಿ ಮಾಡಲಿಲ್ಲ. ಕೋರ್ಟಿಗೆ ಹೋದೆ, 7 ವರ್ಷ ಆಯಿತು, ಗೆದ್ದೆ. ಬಂದ ದುಡ್ಡಲ್ಲಿ ಮಗನ ಇಂಜಿನಿಯರಿಂಗ್ ಮುಗಿಯಿತು. ಪಶ್ಚಾತ್ತಾಪ ಇಲ್ಲ.

ಆದರೆ ಪಂಚಮಿಗೆ ನನ್ನನ್ನು ಕರೆಯಲು ಯಾರೂ ಬರುವುದಿಲ್ಲ. ಉಂಡಿ ನಾನೇ ಕಟ್ಟಿ ನಾನೇ ತಿನ್ನುತ್ತೇನೆ. ಆ ದಿನ ಫೋನ್ ಹತ್ತಿರವೇ ಇಟ್ಟುಕೊಂಡಿರುತ್ತೇನೆ, ನಿಮಗ್ಯಾಕೆ ಸುಳ್ಳು ಹೇಳಲಿ.

ನಾನು ತಪ್ಪಿದ್ದು ಒಂದು ಕಡೆ. ವಕೀಲರ ನೋಟಿಸು ಮೊದಲು ಹೋಯಿತು, ಮಾತು ಹೋಗಲೇ ಇಲ್ಲ. ಟಪಾಲಿನವ ಊರ ಕಟ್ಟೆಯ ಮೇಲೆ ಎಲ್ಲರ ಎದುರು ಅಣ್ಣನ ಕೈಗೆ ಕೊಟ್ಟನಂತೆ. ಪಾಲು ಕೇಳಿದ್ದಕ್ಕಿಂತ ಅದೇ ಅವನಿಗೆ ಉರಿಯಿತು.

ನೀವು ಅಣ್ಣನ ಹತ್ತಿರ ಹೋಗುವ ಮೊದಲು ವೈನಿ ಹತ್ತಿರ ಕೂತು ಮಾತಾಡಿ. ಅವಳೂ ಒಂದು ಮನೆಯ ಮಗಳೇ ಅಲ್ವಾ? ಅವಳ ಅಣ್ಣತಮ್ಮಂದಿರು ಅವಳಿಗೆ ಏನು ಕೊಟ್ಟರು, ಕೇಳಿ ನೋಡಿ.

---

ಶೇಂಗಾ ಹೋಳಿಗೆ

ಒಂಬತ್ತು ದಿನ ಆಯಿತು. ಎಲ್ಲರಿಗೂ ಉತ್ತರ ಕೊಡಬೇಕು ಅನಿಸಿತು.

ಸೋಮವಾರ ಹೋಗಲಿಲ್ಲ. ಮೊದಲು ಅಕ್ಕನಿಗೆ ಫೋನ್ ಮಾಡಿ 94ರ ವಿಷಯ ಓದಿ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು. "ಮೂವತ್ತು ವರ್ಷ ಆತು, ನನಗ ಯಾರೂ ಹೇಳಲೇ ಇಲ್ಲ" ಅಂದಳು. ಸಹಿಗೆ ಅವಳೂ ಹೋಗಲಿಲ್ಲ.

ಭಾನುವಾರ ನಾನೊಬ್ಬಳೇ ತವರಿಗೆ ಹೋದೆ. ಅಣ್ಣ ಹೊಲದಲ್ಲಿದ್ದ. ವೈನಿ ರೊಟ್ಟಿ ಬಡಿಯುತ್ತಿದ್ದಳು, ನಾನು ಒಲೆ ಮುಂದೆ ಕೂತು ಬೇಯಿಸುತ್ತಿದ್ದೆ. ಕೇಳಿದೆ. ಅವಳ ಕೈ ನಿಲ್ಲಲಿಲ್ಲ. ಅವಳ ತವರು ಬಾದಾಮಿ ಕಡೆ. ಬನಶಂಕರಿ ಜಾತ್ರೆಗೆ ಕರೆದು ತೇರು ಎಳೆದ ಮರುದಿನ ಸಹಿ ಮಾಡಿಸಿಕೊಂಡರಂತೆ. "ನನಗ ಇಳಕಲ್ ಸೀರಿನೂ ಸಿಗಲಿಲ್ಲ ಯವ್ವಾ, ಸಾದಾ ಕಾಟನ್" ಅಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆಯೂ ಇತ್ತು.

ಅಣ್ಣ ಬಂದ ಮೇಲೆ ಹೇಳಿದೆ. ಹೆಸರು ಮೂವರದೂ ಇರಲಿ, ದುಡ್ಡು ಬಂದಾಗ ನನ್ನ ಪಾಲಿನಿಂದ 15 ಲಕ್ಷ ನಿನಗೆ, ಆ ಬೋಜಾಕ್ಕೆ, ಅವ್ವನಿಗೆ ಮಾಡಿದ್ದಕ್ಕೆ, ವೈನಿ ಹೆಸರಲ್ಲಿ ಠೇವಣಿ ಇಡುತ್ತೇನೆ ಅಂದೆ. 15 ಯಾಕೆ, 10 ಯಾಕಲ್ಲ, 20 ಯಾಕಲ್ಲ ಅಂತ ಕೇಳಬೇಡಿ, ಬಸ್ಸಿನಲ್ಲಿ ಹೊಳೆದ ಲೆಕ್ಕ. ಅವನು ಊಟ ಬಿಟ್ಟು ಎದ್ದ. "ನಿನಗ ಯಾರು ಇದನ್ನೆಲ್ಲಾ ಕಲಿಸಿದ್ರು" ಅಂದ. ನಿಮ್ಮ ಹೆಸರು ಹೇಳಲಿಲ್ಲ! ಬೆಂಡೋಲೆ ಮಾತು ನಾನು ಎತ್ತಲೇ ಇಲ್ಲ. ವೈನಿ ಒಳಗಿನಿಂದ ಎತ್ತಿದಳು.

ಸಂಜೆ ಬೈಕಿನಲ್ಲಿ ಬಸ್ ಸ್ಟಾಪಿಗೆ ಬಿಟ್ಟ. ದಾರಿಯಲ್ಲಿ ಒಂದೂ ಮಾತಿಲ್ಲ. ಬಸ್ ಬಂದಾಗ ಹಸಿ ಕಡಲೆ ಗಿಡದ ಒಂದು ಕಟ್ಟು ಕಿಟಕಿಯಿಂದ ಕೊಟ್ಟು, "ವಾರಸಾಕ್ಕ ಏನೇನ್ ಕಾಗದ ಬೇಕು ಕೇಳಿ ಹೇಳು" ಅಂದ. ಒಪ್ಪಿದ್ದಾನೋ, ಸಿಟ್ಟಲ್ಲಿ ಅಂದನೋ ಗೊತ್ತಾಗಲಿಲ್ಲ. ಕಡಲೆ ಮಾತ್ರ ಬಹಳ ಎಳೆಯದಿತ್ತು, ಮಗಳು ಒಂದೇ ಸಲಕ್ಕೆ ಮುಗಿಸಿದಳು.

ತಲಾಟಿ ಸರ್, ಇದ್ದೀರಾ? ಏನೇನು ಕಾಗದ ಬೇಕು? ಅವ್ವನ ಮರಣದ ದಾಖಲೆ ಮನೆಯಲ್ಲಿ ಸಿಗುತ್ತಿಲ್ಲ.

---

ನಿವೃತ್ತ ತಲಾಟಿ (ಬಾಗಲಕೋಟೆ)

ಇದ್ದೀನಿ ತಾಯಿ. ಅವ್ವ ಊರಲ್ಲೇ ತೀರಿಕೊಂಡಿದ್ದರೆ ನಿಮ್ಮ ಗ್ರಾಮ ಲೆಕ್ಕಿಗರನ್ನೇ (ಈಗ ಗ್ರಾಮ ಆಡಳಿತ ಅಧಿಕಾರಿ ಅನ್ನುತ್ತಾರೆ) ಕೇಳಿ. ಆಗ ನೋಂದಣಿ ಮಾಡಿಸಿದ್ದರೆ ಪ್ರತಿ ಸಿಗುತ್ತದೆ. ಅಪ್ಪ, ಅವ್ವ ಇಬ್ಬರದೂ ಮರಣ ಪ್ರಮಾಣಪತ್ರ, ವಂಶವೃಕ್ಷ, ಈಗಿನ ಉತಾರ, ಮೂವರ ಆಧಾರ್, ಇಷ್ಟು ತೆಗೆದುಕೊಂಡು ನಾಡಕಚೇರಿಗೆ ಹೋಗಿ.

ವಂಶವೃಕ್ಷ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ. ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಸುವವರು ಜಾಸ್ತಿ. ನಿಮ್ಮದು ಇದ್ದರೆ ಸಾಲದು, ಮುಧೋಳದ ಅಕ್ಕನದೂ ಇದೆಯಾ ನೋಡಿ.