ತಿಂಡಿಯೋ ತಂಟೆಯೋ

ಮಂಗಳೂರಿನ ಕದ್ರಿಯ ನಮ್ಮ ಕಟ್ಟಡದಲ್ಲಿ ಮೂರರಿಂದ ಆರು ವರ್ಷದೊಳಗಿನ ಮಕ್ಕಳು ಒಟ್ಟು ಒಂಬತ್ತು. ಡಿಸೋಜಾ ಬಾಯಿಯ ತಂಗಿ ಡಬ್ಲಿನ್‌ನಲ್ಲಿ ನರ್ಸ್. ಅಲ್ಲಿ ಮಕ್ಕಳು ದೆವ್ವ, ಮಾಟಗಾತಿಯರ ವೇಷ ಹಾಕಿ ಮನೆಮನೆಗೆ ತಿರುಗುವ ಹ್ಯಾಲೋವೀನ್ ಹಬ್ಬದ, ಆಕೆ ಕಳಿಸಿದ ಹೋದ ವರ್ಷದ ಫೋಟೊಗಳನ್ನು ಬಾಯಿ ಮೆಟ್ಟಿಲ ಮೇಲೆ ಕುಳಿತು ಮಕ್ಕಳಿಗೆ ತೋರಿಸಿದ್ದೇ ತಪ್ಪಾಯಿತು. ಮರುದಿನದಿಂದ ಒಂಬತ್ತು ಬಾಯಿಗಳಲ್ಲೂ ಒಂದೇ ಹಟ: ಅಕ್ಟೋಬರ್ 31ಕ್ಕೆ ನಮಗೂ ಅದು ಬೇಕು. ಹಾಗಾಗಿ ಭಾನುವಾರ ಸಂಜೆ, ಹೊರಗೆ ಗುಡುಗು ಶುರುವಾದ ಹೊತ್ತಿಗೆ, ನಾವು ದೊಡ್ಡವರು ಪೈ ಮಾಮಿಯ ಜಗಲಿಯಲ್ಲಿ ಗೋಳಿಬಜೆಯ ಸುತ್ತ ಸಭೆ ಸೇರಿದೆವು.

"ಮೊದಲೇ ಹೇಳಿಬಿಡುತ್ತೇನೆ, ಭೂತದ ಹಬ್ಬ ಎಂದು ಮಾತ್ರ ಯಾರೂ ಕರೆಯಬೇಡಿ" ಎಂದರು ಶೆಟ್ಟರು. "ಬೇರೆ ಊರಿನಲ್ಲಿ ಭೂತ ಎಂದರೆ ಹೆದರಿಸುವಂಥದ್ದು. ನಮ್ಮಲ್ಲಿ ಅದು ಮನೆ ಕಾಯುವಂಥದ್ದು. ಊರಿನಲ್ಲಿ ನಮ್ಮ ಚಾವಡಿಯ ಪಂಜುರ್ಲಿ ಭೂತಕ್ಕೆ ಈ ಸುದ್ದಿ ಮುಟ್ಟಿದರೆ ಉತ್ತರ ಹೇಳಬೇಕಾದವನು ನಾನು."

ಇದನ್ನು ಯಾರೂ ನಗೆಯಾಡಲಿಲ್ಲ. ದೆವ್ವ ಎಂದರೆ ಪೈ ಮಾಮಿಗೆ ಆಗದು, ಪಿಶಾಚಿ ಎಂದರೆ ಬಾಯಿಗೆ ಆಗದು. ಕೊನೆಗೆ ಗುಮ್ಮ ಎಂದು ತೀರ್ಮಾನವಾಯಿತು. ಗುಮ್ಮನಿಗೆ ಜಾತಿಯಿಲ್ಲ, ಧರ್ಮವಿಲ್ಲ, ಊಟ ಮಾಡದ ಮಕ್ಕಳ ಎದುರು ಬಂದು ನಿಲ್ಲುವುದೊಂದೇ ಅವನ ಉದ್ಯೋಗ.

"ಅದೆಲ್ಲ ಸರಿ, ಈ ಹಬ್ಬ ಅಮೆರಿಕದವರದ್ದಲ್ಲವೇ?" ಎಂದರು ಭಟ್ಟರು. ಇವರು ನಿವೃತ್ತ ವಿಜ್ಞಾನ ಮಾಸ್ತರರು. ಮೂಲ ತಿಳಿಯದೆ ಗೋಳಿಬಜೆಯನ್ನೂ ಮುಟ್ಟುವವರಲ್ಲ.

"ಮೂಲ ಐರ್ಲೆಂಡಿನ ಕಡೆಯದು" ಎಂದರು ಬಾಯಿ. "ಕೆಲ್ಟ್ ಜನರ ಹಳೆಯ ಹಬ್ಬ. ಸುಗ್ಗಿ ಮುಗಿದು ಚಳಿಗಾಲ ಹಿಡಿಯುವ ಆ ರಾತ್ರಿ ಸತ್ತವರು ಈಚೆಗೆ ಬರುತ್ತಾರೆ ಎಂಬ ನಂಬಿಕೆ. ಅದರ ಹೆಸರು ಸಾವಿನ್."

"ಸಾವಿನ ಹಬ್ಬವೇ?"

"ಸಾವಿನ್, ಭಟ್ಟರೇ, ಸಾವಿನ್!" ಬಾಯಿ ಮೊಬೈಲಿನಲ್ಲಿ ಅಕ್ಷರ ತೋರಿಸಿದರು. ಭಟ್ಟರು ಕನ್ನಡಕ ಏರಿಸಿ, ಅಕ್ಷರ ಕೂಡಿಸಿ, "ಸಂಹೈನ್" ಎಂದು ಓದಿದರು. "ಬರೆದರೆ ಸಂಹಾರ, ಓದಿದರೆ ಸಾವು. ಬಾಲವಾಡಿಯ ಮಕ್ಕಳಿಗೆ ಹೇಳಿ ಮಾಡಿಸಿದ ಹಬ್ಬ."

ಬಾಯಿ ಸೋಲಲಿಲ್ಲ. ನವೆಂಬರ್ 1 ಸರ್ವ ಸಂತರ ಹಬ್ಬ, ಅದರ ಹಿಂದಿನ ಸಂಜೆಯೇ ಹ್ಯಾಲೋವೀನ್ ಎಂದು ಇಂಗ್ಲಿಷಿನಲ್ಲಿ ಸವೆದು ಉಳಿದದ್ದು ಎಂದು ವಿವರಿಸಿದರು. "ನಮಗೆ ಸತ್ತವರ ದಿನವೆಂದರೆ ನವೆಂಬರ್ 2. ಅಂದು ಸಮಾಧಿಗೆ ಹೂವು, ಮೇಣದಬತ್ತಿ, ಪ್ರಾರ್ಥನೆ. ಅದರಲ್ಲಿ ತಮಾಷೆಯಿಲ್ಲ. ಈ ಮಕ್ಕಳ ಆಟವನ್ನು ಅದಕ್ಕೆ ಸೇರಿಸಬೇಡಿ."

"ಒಂದನೇ ತಾರೀಖು ರಾಜ್ಯೋತ್ಸವವೂ ಉಂಟಲ್ಲ" ಎಂದು ನಾನು ನೆನಪಿಸಿದೆ. ರಾತ್ರಿ ಹಚ್ಚಿದ ಬಣ್ಣ ಬೆಳಗ್ಗೆ ಬಿಡದಿದ್ದರೆ ಒಂಬತ್ತು ಗುಮ್ಮಗಳು ಶಾಲೆಯಲ್ಲಿ ಸಾಲಾಗಿ ನಿಂತು ನಾಡಗೀತೆ ಹಾಡಬೇಕಾಗುತ್ತದೆ. ನೀರಿಗೆ ಬಿಡುವ ಬಣ್ಣವೇ ಆಗಬೇಕು, ಅದನ್ನೂ ಹಿಂದಿನ ದಿನ ಮೊಣಕೈಗೆ ಹಚ್ಚಿ ನೋಡಬೇಕು ಎಂದು ಬರೆದುಕೊಂಡೆವು. ಮುಖವಾಡ ಬೇಡವೇ ಬೇಡ. ನಾಲ್ಕು ವರ್ಷದವನು ಕಣ್ಣಿನ ತೂತು ಕೆನ್ನೆಗೆ ಜಾರಿಸಿಕೊಂಡು ಮೆಟ್ಟಿಲಿಳಿದರೆ ಹೆದರುವವರು ನಾವು.

ಇನ್ನು ಕುಂಬಳಕಾಯಿ. ಸಭೆಯ ಅರ್ಧ ಹೊತ್ತು ತಿಂದದ್ದು ಇದೇ. ಮೊದಲಿಗೆ ಹೆಸರಿನ ಜಗಳ. ಶೆಟ್ಟರಿಗೆ ಅದು ಕೆಂಬುಡೆ, ಪುತ್ತೂರು ಕಡೆಯ ಭಟ್ಟರಿಗೆ ಚೀನಿಕಾಯಿ. ಅದು ಮುಗಿದ ಮೇಲೆ, ಕೊರೆಯುವವರು ಯಾರು ಎಂಬ ಪ್ರಶ್ನೆ. ಬಲಿತ ಕೆಂಬುಡೆಯ ಸಿಪ್ಪೆಗೆ ನಮ್ಮ ಅಡುಗೆಮನೆಯ ಚೂರಿ ಏನೂ ಅಲ್ಲ, ಶೆಟ್ಟರ ಕತ್ತಿಯೇ ಬೇಕು. ಶೆಟ್ಟರ ಕತ್ತಿಗೆ ತೆಂಗಿನಕಾಯಿ ಸುಲಿದು ಗೊತ್ತೇ ಹೊರತು ಮೂಗು ಕೆತ್ತಿ ಗೊತ್ತಿಲ್ಲ.

"ಅದನ್ನು ಕೊರೆದು ತಿರುಳು ಬಿಸಾಡುತ್ತಾರಂತೆ" ಎಂದು ಪೈ ಮಾಮಿ ಎದೆ ಮುಟ್ಟಿಕೊಂಡರು. "ಅಷ್ಟು ತಿರುಳಿನಲ್ಲಿ ಇಡೀ ಕಟ್ಟಡಕ್ಕೆ ಪಾಯಸವಾಗುತ್ತದೆ ಮಾರಾಯರೇ!"

"ಮೂಲದಲ್ಲಿ ಕುಂಬಳವೇ ಅಲ್ಲ" ಎಂದರು ಬಾಯಿ. ಐರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆ ಕೊರೆಯುತ್ತಿದ್ದರಂತೆ. ಜ್ಯಾಕ್ ಎಂಬ ಒಬ್ಬ ಜಿಪುಣ ಸೈತಾನನಿಗೇ ಟೋಪಿ ಹಾಕಿದ್ದ. ಸತ್ತ ಮೇಲೆ ಸ್ವರ್ಗದವರೂ ಸೇರಿಸಲಿಲ್ಲ, ನರಕದವರೂ ಸೇರಿಸಲಿಲ್ಲ. ಸಿಕ್ಕಿದ ಒಂದು ಕೆಂಡವನ್ನು ಗಡ್ಡೆಯೊಳಗೆ ಇಟ್ಟುಕೊಂಡು ಇವತ್ತಿಗೂ ಕತ್ತಲೆಯಲ್ಲಿ ಅಲೆಯುತ್ತಾನೆ ಎಂಬುದು ಕತೆ. ಆ ಜನ ಅಮೆರಿಕಕ್ಕೆ ಹೋದಾಗ ಅಲ್ಲಿ ಕುಂಬಳ ಧಾರಾಳವಾಗಿ ಸಿಕ್ಕಿತು, ಕೊರೆಯಲೂ ಸುಲಭವಾಯಿತು.

"ಗಡ್ಡೆಯೇ ಮೂಲವಾದರೆ ನಮ್ಮಲ್ಲಿ ಸುವರ್ಣಗಡ್ಡೆ ಉಂಟು" ಎಂದು ಭಟ್ಟರು ಹುರುಪಿನಿಂದ ಹೇಳಿದರು.

ಒಂಬತ್ತು ಮಕ್ಕಳು ಹಸಿ ಸುವರ್ಣಗಡ್ಡೆಗೆ ಕೈಹಾಕಿ ರಾತ್ರಿಯಿಡೀ ತುರಿಸಿಕೊಳ್ಳುವ ದೃಶ್ಯ ಎಲ್ಲರ ಕಣ್ಣೆದುರು ಬಂದು, ಜಗಲಿ ಒಂದು ಕ್ಷಣ ಮೌನವಾಯಿತು.

ದಾರಿ ತೋರಿಸಿದವರು ಪೈ ಮಾಮಿ. ಒಳಗಿನಿಂದ ಒಂದು ತೆಂಗಿನ ಗೆರಟೆ ತಂದು ನಡುವೆ ಇಟ್ಟರು. ಕಣ್ಣಿರುವ ಅರ್ಧ. "ಇದಕ್ಕೆ ದೇವರೇ ಎರಡು ಕಣ್ಣು, ಒಂದು ಬಾಯಿ ಇಟ್ಟು ಕಳಿಸಿದ್ದಾನೆ. ನೀವು ಯಾಕೆ ಕತ್ತಿ ಹುಡುಕುತ್ತೀರಿ?" ಮೂರರಲ್ಲಿ ಒಂದು ಕಣ್ಣು ಮಾತ್ರ ಮೆತ್ತಗೆ, ಮೊಳಕೆ ಹೊರಬರುವುದು ಅದರಿಂದಲೇ, ಉಳಿದೆರಡಕ್ಕೆ ಡ್ರಿಲ್ ಬೇಕು ಎಂದು ಭಟ್ಟರು ಪಾಠ ಮಾಡಿದರು. ಡ್ರಿಲ್ ನನ್ನ ಹತ್ತಿರ ಇದೆ. ಒಳಗೆ ಮೇಣದಬತ್ತಿ ಬೇಡ, ದೀಪಾವಳಿಯ ಗೂಡುದೀಪಕ್ಕೆ ಹಾಕುವ ಪುಟ್ಟ ಬಲ್ಬಿನ ಸರ ಸಾಕು. 2024ರಲ್ಲಿ ನರಕ ಚತುರ್ದಶಿಯೂ ಹ್ಯಾಲೋವೀನೂ ಒಂದೇ ದಿನ ಬಿದ್ದಿದ್ದವು. ಅಂದು ಈ ಹಟ ಹುಟ್ಟಿದ್ದರೆ ಬೆಳಗ್ಗೆ ಎಣ್ಣೆಸ್ನಾನ ಮಾಡಿಸಿದ ಮಕ್ಕಳಿಗೇ ಸಂಜೆ ಮಸಿ ಬಳಿಯಬೇಕಿತ್ತು.

ಅಲಂಕಾರಕ್ಕೆ ಹತ್ತಿಯ ಜೇಡರಬಲೆ ಪೊಟ್ಟಣದಲ್ಲಿ ಸಿಗುತ್ತದೆ ಎಂದು ನಾನು ಹೇಳಿದ್ದು ದೊಡ್ಡ ಪ್ರಮಾದ. "ದುಡ್ಡು ಕೊಟ್ಟು ಬಲೆ ತರುವುದೇ? ದೀಪಾವಳಿಗೆಂದು ಮೂರು ದಿನ ಬಲೆ ತೆಗೆದು ನನ್ನ ಸೊಂಟ ಹೋಗಿದೆ. ನಿಮ್ಮ ಅಟ್ಟಕ್ಕೆ ಒಮ್ಮೆ ಹತ್ತಿ, ಪುಕ್ಕಟೆ ಸಿಗುತ್ತದೆ, ಜೇಡನ ಸಮೇತ" ಎಂದರು ಮಾಮಿ. ನಮ್ಮ ಅಟ್ಟವನ್ನು ಅವರು ಯಾವಾಗ ನೋಡಿದರೋ.

ತಿಂಡಿಯ ವಿಷಯದಲ್ಲಿ ಮಾತ್ರ ಜಗಳವೇ ಇಲ್ಲ. ನೀರುದೋಸೆಗಿಂತ ಒಳ್ಳೆಯ ಬಿಳಿ ಗುಮ್ಮ ಲೋಕದಲ್ಲಿ ಎಲ್ಲಿದೆ? ಒಂದು ಇಡ್ಲಿಯ ಮೇಲೆ ಹೊದಿಸಿದರೆ ಸಾಕು, ಸೆರಗು ಹೊದ್ದು ಕುಳಿತಂತೆ ಕಾಣುತ್ತದೆ. ಕಣ್ಣಿಗೆ ಕಾಳುಮೆಣಸು ಎಂದರು ಶೆಟ್ಟರು, ಖಾರ ಎಂದು ಬಿದ್ದುಹೋಯಿತು. ದ್ರಾಕ್ಷಿ ಎಂದೆ ನಾನು. ಇಡೀ ದ್ರಾಕ್ಷಿ ಸಣ್ಣ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಬೇಕು ಎಂದು ಡಬ್ಲಿನ್ನಿನ ನರ್ಸ್ ಮೊದಲೇ ಎಚ್ಚರಿಸಿದ್ದರಂತೆ. ರಕ್ತಕ್ಕೆ ಪುನರ್ಪುಳಿ ಶರಬತ್ತು, ಅದರ ಬಣ್ಣಕ್ಕೆ ಯಾವ ಸಾಕ್ಷಿಯೂ ಬೇಡ. ಮಾಟಗಾತಿಯ ಟೋಪಿಗೆ ಅಡಿಕೆ ಹಾಳೆಯ ಮುಟ್ಟಾಳೆ, ವಾಹನಕ್ಕೆ ಹಿಡಿಸೂಡಿ. ನೀರಿನಲ್ಲಿ ತೇಲುವ ಸೇಬನ್ನು ಬಾಯಿಂದ ಕಚ್ಚುವ ಆಟವೊಂದಿದೆಯಂತೆ. ಒಂಬತ್ತು ಶೀತದ ಮೂಗುಗಳು ಒಂದೇ ಬೋಗುಣಿಯಲ್ಲಿ! ಅದರ ಬದಲು ಚಕ್ಕುಲಿಯನ್ನು ದಾರದಲ್ಲಿ ತೂಗಿಬಿಡುವುದೆಂದಾಯಿತು.

"ಮನೆಮನೆಗೆ ಹೋಗಿ ತಿಂಡಿ ಕೊಡದಿದ್ದರೆ ಕಾಟ ಕೊಡುತ್ತೇವೆ ಎಂದು ಹೆದರಿಸುವುದಂತೆ. ಇದೆಂಥ ಸಂಸ್ಕಾರ?" ಎಂದರು ಭಟ್ಟರು.

"ಮಾರ್ನೆಮಿಯಲ್ಲಿ, ನವರಾತ್ರಿಯ ಹೊತ್ತಿಗೆ, ವೇಷ ಹಾಕಿದವರು ಅಂಗಡಿ ಅಂಗಡಿಗೆ ಬರುವುದಿಲ್ಲವೇ? ಕರಡಿ ವೇಷದವನಿಗೆ ದುಡ್ಡು ಕೊಡದೆ ನೀವು ಎಂದಾದರೂ ತಪ್ಪಿಸಿಕೊಂಡದ್ದುಂಟೇ?" ಎಂದರು ಶೆಟ್ಟರು.

ನಾನು ಬ್ರಹ್ಮಾವರದ ಕಡೆಯವನು. ನಮ್ಮಲ್ಲಿ ನವರಾತ್ರಿಗೆ ಹೂವಿನ ಕೋಲು. ಭಾಗವತರ ಜೊತೆ ಮನೆಮನೆಗೆ ಹೋಗಿ, ಇಬ್ಬರು ಹುಡುಗರು ಎದುರುಬದುರು ಕುಳಿತು ಯಕ್ಷಗಾನದ ಅರ್ಥ ಹೇಳಬೇಕು, ಮನೆಯವರು ಅಕ್ಕಿ, ಕಾಯಿ, ದುಡ್ಡು ಕೊಡುತ್ತಾರೆ. ಎಂಟನೇ ವಯಸ್ಸಿನಲ್ಲಿ ನಾನೂ ಹೋಗಿದ್ದೆ. ಮೂರನೇ ಮನೆಯಲ್ಲಿ ಮಾತು ಮರೆತು ಅತ್ತೆ. ಅವರು ಎರಡು ಕಾಯಿ ಹೆಚ್ಚು ಕೊಟ್ಟರು. ಇದನ್ನು ಕೇಳಿದ ಭಟ್ಟರು ಕರಗಿ, ಬಾಗಿಲಲ್ಲಿ ಮಕ್ಕಳು ಹೇಳಬೇಕಾದ ಮಾತನ್ನು ತಾವೇ ಕನ್ನಡಕ್ಕೆ ತಂದುಕೊಟ್ಟರು: "ತಿಂಡಿಯೋ ತಂಟೆಯೋ?"

"ಆದರೆ ಈ ಮಕ್ಕಳು ಗೆರಟೆಗೆ ಹೆದರುವುದುಂಟೇ?" ಎಂದು ಶೆಟ್ಟರು ಹೊಸ ತಕರಾರು ತೆಗೆದರು. "ಹೋದ ವರ್ಷ ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋಗಿದ್ದೆ. ನಡುರಾತ್ರಿ ಮಹಿಷಾಸುರ ಜನರ ನಡುವಿನಿಂದಲೇ ಆರ್ಭಟಿಸಿಕೊಂಡು ಬಂದ. ದೊಂದಿ, ರಾಳದ ಬೆಂಕಿ, ಕೋಡು. ನನ್ನ ಮೊಮ್ಮಗಳು ಎದ್ದು ನಿಂತು ಟಾಟಾ ಮಾಡಿದಳು."

ಹೆದರಿಸಲಿಕ್ಕಲ್ಲ ಶೆಟ್ಟರೇ, ವೇಷ ಹಾಕಲಿಕ್ಕೆ ಎಂದು ಬಾಯಿ ಸಮಾಧಾನ ಹೇಳಿದರು. ಹಳೆಯ ಪಂಚೆ ಹರಿದು ಸುತ್ತಿದರೆ ಈಜಿಪ್ಟಿನ ಹೆಣ, ಬೈರಾಸು ಹೊದಿಸಿದರೆ ಗುಮ್ಮ, ಕಪ್ಪು ಕೊಡೆಯ ಬಟ್ಟೆಯಲ್ಲಿ ಬಾವಲಿ. ಭಟ್ಟರು ಯಾರಿಗೆ ಯಾವುದು ಎಂದು ನೀಟಾಗಿ ಪಟ್ಟಿ ಮಾಡಿದರು.

"ಮಕ್ಕಳನ್ನು ಕೇಳಿದಿರಾ?" ಎಂದರು ಪೈ ಮಾಮಿ.

ಯಾರೂ ಕೇಳಿರಲಿಲ್ಲ. ಮಾಮಿ ಎದ್ದು ಮೆಟ್ಟಿಲ ಬಳಿ ಹೋಗಿ, ಐದು ನಿಮಿಷದಲ್ಲಿ ಬೆರಳು ಮಡಿಸಿಕೊಂಡು ಮರಳಿದರು.

"ಏಳು ಹುಲಿ. ಒಂದು ಕರಿಹುಲಿ."

ಶೆಟ್ಟರು ಆಗಲೇ ಹುಲಿವೇಷಕ್ಕೆ ತಾಸೆ ಬಡಿಯುವವರಿಗೆ ಫೋನು ಹಚ್ಚಿದ್ದರು.

"ಒಂಬತ್ತನೆಯವನು?"

"ಅವನಿಗೆ ಜೆಸಿಬಿ ಆಗಬೇಕಂತೆ."

ಭಟ್ಟರು ಮಾತಾಡಲಿಲ್ಲ. ಪಟ್ಟಿಯ ಕಾಗದ ಮಗುಚಿ, ಪೆನ್ಸಿಲಿನಲ್ಲಿ ಉದ್ದನೆಯ ಒಂದು ತೋಳು ಬಿಡಿಸಿ, ತುದಿಗೆ ಹಲ್ಲಿರುವ ಬಕೆಟ್ ಸೇರಿಸಿದರು. ಸ್ವಲ್ಪ ಹೊತ್ತು ಅದನ್ನೇ ನೋಡಿದರು.

"ಅಡಿಕೆ ಹಾಳೆ ಹೇಗೂ ಬಾಗಿಯೇ ಇರುತ್ತದೆ. ಶೆಟ್ಟರೇ, ನಿಮ್ಮ ತೋಟದಿಂದ ಎರಡು ದೊಡ್ಡದು ತರಿಸಿ. ಹಳದಿ ಬಣ್ಣ ಬೇರೆ ತರುವುದು ಬೇಡ, ಹುಲಿಗಳದ್ದೇ ಸಾಕಾಗುತ್ತದೆ."