ಜೇವರ್ಗಿ ರಸ್ತೆಯಲ್ಲಿ ಗಾಡಿ ಬಂದ್ ಬೀಳ್ತಿದೆ, ಮೂರು ಮೆಕ್ಯಾನಿಕ್ ಆಯ್ತು, ಯಾರಾದ್ರೂ ಹೇಳಿ

ಬಿಸಿಲೂರ_ಸವಾರ (ಕಲಬುರಗಿ)
ತಲೆ ಕೆಟ್ಟು ಹೋಗಿದೆ. 100 ಸಿಸಿ ಗಾಡಿ. ದಿನಾ ಕಲಬುರಗಿಯಿಂದ ಜೇವರ್ಗಿಗೆ ಡ್ಯೂಟಿಗೆ ಹೋಗುತ್ತೇನೆ. ಫರಹತಾಬಾದ್ ದಾಟುತ್ತಿದ್ದ ಹಾಗೆ ಎರಡು ಸಲ ಜಗ್ಗಿ ಬಂದ್. ಕಿಕ್ ಹೊಡೆದು ಹೊಡೆದು ಕಾಲು ಬಾತಿದೆ. ಹತ್ತು ನಿಮಿಷ ಬೇವಿನ ಗಿಡದ ಕೆಳಗೆ ನಿಲ್ಲಿಸಿದರೆ ಏನೂ ಆಗಿಲ್ಲ ಅನ್ನೋ ಹಾಗೆ ಒಂದೇ ಕಿಕ್‌ಗೆ ಚಾಲೂ. ಮತ್ತೆ ಕಟ್ಟಿಸಂಗಾವಿ ಸೇತುವೆ ಹತ್ತಿರ ಅದೇ ಕಥೆ. ಮೆಕ್ಯಾನಿಕ್ ಅಂಗಡಿ ಮುಂದೆ ಅರ್ಧ ಗಂಟೆ ಚಾಲೂ ಇಟ್ಟರೂ ಬಂದ್ ಆಗಲ್ಲ, ನನ್ನನ್ನೇ ಸುಳ್ಳ ಅನ್ನೋ ಹಾಗೆ ನೋಡುತ್ತಾರೆ. ಸರ್ವಿಸ್ ಎಲ್ಲಾ ಟೈಮಿಗೆ ಮಾಡಿಸಿದ್ದೇನೆ, ಅದನ್ನು ಕೇಳಬೇಡಿ.

ಯಾದಗಿರಿ_ಪಾನಾ
ಕಾಯಿಲ್. ಕಿಡಿ ಹಾರಿಸೋ ಪ್ಲಗ್‌ಗೆ ಕರೆಂಟ್ ಕೊಡೋದು ಅದೇ. ಬಿಸಿಯಾದಾಗ ಒಳಗಿನ ತಂತಿ ಸುತ್ತು ಬಿಟ್ಟುಕೊಳ್ಳುತ್ತದೆ, ಕಿಡಿ ಬರಲ್ಲ. ಆರಿದ ಮೇಲೆ ಮತ್ತೆ ಕೂಡುತ್ತದೆ. ನಂದೂ ಹೀಗೇ ಆಗಿತ್ತು. ಕಣ್ಣು ಮುಚ್ಚಿ ಬದಲಿಸಿ.

ತೊಗರಿ_ಕಣಜ (ಸೇಡಂ)
ಕಾಯಿಲ್ ಅಲ್ಲ ರೀ, ಪೆಟ್ರೋಲ್. ಈಗ ಅದರಲ್ಲಿ ಶೇ 20 ಎಥೆನಾಲ್. ಅದು ನೀರು ಹೀರುತ್ತದೆ. ಮೇಲೆ ನಮ್ಮ 43 ಡಿಗ್ರಿ ಬಿಸಿಲು. ಪೈಪ್‌ನಲ್ಲೇ ಆವಿ ಆಗಿ ನಿಲ್ಲುತ್ತದೆ.

ಕಾರ್ಬುರೇಟರ್_ಕಾಕಾ (ಕಲಬುರಗಿ)
ಕಣ್ಣು ಮುಚ್ಚಿ ಯಾಕೆ ದುಡ್ಡು ಸುರಿಯಬೇಕು? ಬಂದ್ ಬಿದ್ದ ಜಾಗದಲ್ಲೇ ಎರಡು ಚೆಕ್ ಮಾಡಿ. ಮೊದಲು ಪ್ಲಗ್ ಬಿಚ್ಚಿ, ಅದರ ಟೋಪಿಗೇ ಸಿಕ್ಕಿಸಿ, ಪ್ಲಗ್‌ನ ಲೋಹದ ಮೈಯನ್ನು ಎಂಜಿನ್‌ಗೆ ತಾಗಿಸಿ ಕಿಕ್ ಹೊಡೆಯಿರಿ. ಕಿಡಿ ಚೆನ್ನಾಗಿ ಬಂದರೆ ಕಾಯಿಲ್ ಮೇಲೆ ತಪ್ಪು ಹೊರಿಸಬೇಡಿ. ಪ್ಲಗ್ ಮತ್ತೆ ಕೂರಿಸಿದ ಮೇಲೆ ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕಳಿಸೋದು) ಬುಡದ ಡ್ರೈನ್ ಸ್ಕ್ರೂ ಸಡಿಲ ಮಾಡಿ. ಪೆಟ್ರೋಲ್ ಧಾರೆಯಾಗಿ ಬರುತ್ತಲೇ ಇರಬೇಕು. ಸ್ವಲ್ಪ ಬಂದು ತೊಟ್ಟಿಕ್ಕಿದರೆ ಮೇಲಿಂದಲೇ ಇಳಿಯುತ್ತಿಲ್ಲ ಅಂತ. ಈ ಕ್ರಮ ತಪ್ಪಿಸಬೇಡಿ, ಚೆಲ್ಲಿದ ಪೆಟ್ರೋಲ್ ಪಕ್ಕ ಕಿಡಿ ಹಾರಿಸೋದು ಬೇಡ. ಅಂದಹಾಗೆ ಯಾವ ಗಾಡಿ, ಯಾವ ಮಾಡೆಲ್?

ಬೀದರ್_ಬುಲೆಟ್
ಎಂಜಿನ್ ಬಿಸಿಯಾಗಿ ಹಿಡಿಯುತ್ತಿರಬೇಕು. 20ಡಬ್ಲ್ಯೂ50 ಅನ್ನೋ ದಪ್ಪ ಎಂಜಿನ್ ಆಯಿಲ್ ಹಾಕಿ. ನನ್ನ ಹಳೇ ಕ್ಯಾಸ್ಟ್ ಐರನ್ ಬುಲೆಟ್‌ಗೆ ಅದೇ. ಹೋದ ಮೇ ತಿಂಗಳು ಬೀದರ್‌ನಿಂದ ಹುಮನಾಬಾದ್ ಮೇಲೆ ಕಲಬುರಗಿಗೆ ಒಂದೇ ಏಟಿಗೆ ಬಂದೆ, ಚಹಾಕ್ಕೂ ನಿಲ್ಲಿಸಲಿಲ್ಲ.

ಕಾರ್ಬುರೇಟರ್_ಕಾಕಾ
100 ಸಿಸಿ ಗಾಡಿಗೆ ಬುಲೆಟ್ ಆಯಿಲ್? ಗಾಡಿ ಜೊತೆ ಬಂದ ಪುಸ್ತಕದಲ್ಲಿ 10ಡಬ್ಲ್ಯೂ30 ಇದ್ದರೆ ಅದೇ ಸಾಕು. ಆ 30 ಅನ್ನೋ ದಪ್ಪದ ನಂಬರ್ 100 ಡಿಗ್ರಿ ಬಿಸಿಯಲ್ಲಿ ಅಳೆದು ಕೊಟ್ಟದ್ದು. ನಮ್ಮ ಬಿಸಿಲಿನ ಲೆಕ್ಕ ಅದರ ಮುಂದೆ ಎಷ್ಟು?

ಬೀದರ್_ಬುಲೆಟ್
ಪುಸ್ತಕ ಬರೆದವರು ಕಲಬುರಗಿಗೆ ಮೇ ತಿಂಗಳಲ್ಲಿ ಬಂದಿರಲಿಕ್ಕಿಲ್ಲ.

ಬಿಸಿಲೂರ_ಸವಾರ
ಕಾಯಿಲ್ ಬದಲಿಸಿದೆ. ಪ್ಲಗ್ಗೂ ಹೊಸದು. ಒಂಬೈನೂರು ಹೋಯ್ತು. ಇವತ್ತು ಅದೇ ಬೇವಿನ ಗಿಡ. ಈ ಸಲ ಕಾಕಾ ಹೇಳಿದ ಹಾಗೆ ನೋಡಿದೆ. ಕಿಡಿ ಇದೆ. ಸ್ಕ್ರೂ ತೆಗೆದರೆ ನಾಲ್ಕು ಹನಿ ಬಿದ್ದು ನಿಂತಿತು. ಟ್ಯಾಂಕ್ ತುಂಬಾ ಪೆಟ್ರೋಲ್ ಇದೆ! ಫುಲ್ ಮಾಡಿಸಿದ ದಿನವೇ ಕಾಟ ಜಾಸ್ತಿ. ಮುಚ್ಚಳ ತೆಗೆದು ನೋಡೋಣ ಅಂದ್ರೆ ಟ್ಯಾಂಕ್ ಕೀಲಿ ಮನೇಲೇ ಮರೆತಿದ್ದೆ.

ಯಾದಗಿರಿ_ಪಾನಾ
ಯಾವ ಕಾಯಿಲ್ ಹಾಕಿಸಿದ್ರಿ? ಡುಪ್ಲಿಕೇಟ್ ಆದರೆ ಅದೂ ಕೈ ಕೊಡುತ್ತದೆ. ಕಿಡಿ ಯಾವಾಗ ಹಾರಬೇಕು ಅಂತ ಸಿಗ್ನಲ್ ಕೊಡೋ ಪಲ್ಸರ್ ಕಾಯಿಲ್ ಕೂಡ ನೋಡಿಸಿ.

ಕಾರ್ಬುರೇಟರ್_ಕಾಕಾ
ತಡೀರಿ. ಟ್ಯಾಂಕ್ ಕೀಲಿ ಬೇರೆ, ಗಾಡಿ ಕೀಲಿ ಬೇರೆನಾ? ಯಾವಾಗಿಂದ?

ಬಿಸಿಲೂರ_ಸವಾರ
ಗಾಣಗಾಪುರ ಸಂಗಮದಲ್ಲಿ ಸ್ನಾನಕ್ಕೆ ಇಳಿದಾಗ ಕೀಲಿ ನೀರಿಗೆ ಬಿತ್ತು. ಬೀಗ ಒಡೆಸಿ ಗಾಡಿ ಬೀಗ, ಬೀಗದ ಟ್ಯಾಂಕ್ ಮುಚ್ಚಳ ಎರಡೂ ಹೊಸದು ಹಾಕಿಸಿದೆ. ಒಂದೂವರೆ ತಿಂಗಳಾಯ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?

ಕಾರ್ಬುರೇಟರ್_ಕಾಕಾ
ಬಂದ್ ಬೀಳೋಕೆ ಶುರುವಾಗಿ ಎಷ್ಟು ದಿನ? ಒಂದೂವರೆ ತಿಂಗಳೇ ಅಲ್ವಾ? ಇದನ್ನು ಮೊದಲೇ ಹೇಳಬಾರದಾ ಮಾರಾಯ!

ನಿಮ್ಮ ಗಾಡಿಯಲ್ಲಿ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಪಂಪ್ ಇಲ್ಲ. ಇಳಿದಷ್ಟು ಜಾಗಕ್ಕೆ ಮೇಲಿಂದ ಗಾಳಿ ಹೋಗಬೇಕು. ಮುಚ್ಚಳದಲ್ಲಿ ಅದಕ್ಕೇ ಒಂದು ಸಣ್ಣ ತೂತು ಇರುತ್ತದೆ. ಅದು ಕಟ್ಟಿದರೆ ಟ್ಯಾಂಕ್ ಪೆಟ್ರೋಲನ್ನು ಒಳಗೇ ಎಳೆದು ಹಿಡಿಯುತ್ತದೆ. ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದು ಬಗ್ಗಿಸಿ ನೋಡಿ, ಹಾಗೆ. ಫುಲ್ ಟ್ಯಾಂಕ್‌ನಲ್ಲಿ ಗಾಳಿ ಕಡಿಮೆ ಇರೋದರಿಂದ ಬೇಗ ಹಿಡಿಯುತ್ತದೆ. ಹತ್ತು ನಿಮಿಷದಲ್ಲಿ ಸಂದಿಯಿಂದ ಗಾಳಿ ನುಸುಳುತ್ತದೆ, ಗಾಡಿ ಆರಿತು ಅಂತ ನಾವು ಅಂದುಕೊಳ್ಳುತ್ತೇವೆ. ಅಂಗಡಿ ಮುಂದೆ ಸುಮ್ನೆ ಚಾಲೂ ಇಟ್ಟಾಗ ಪೆಟ್ರೋಲ್ ಇಳಿಯೋದೇ ಸ್ವಲ್ಪ, ಸಂದಿ ಗಾಳಿಯೇ ಸಾಕು. ನಾಳೆ ಬಂದ್ ಬಿದ್ದ ಕೂಡಲೇ ಮುಚ್ಚಳ ತೆಗೆಯಿರಿ. ಕಿವಿ ಹತ್ತಿರ ಇಟ್ಟುಕೊಳ್ಳಿ.

ತೊಗರಿ_ಕಣಜ
ಎಥೆನಾಲ್‌ಗೆ ಮುಚ್ಚಳದ ರಬ್ಬರ್ ಊದಿರಬಹುದು ಅಂತ ನಾನು ಹೇಳೋನಿದ್ದೆ.

ಯಾದಗಿರಿ_ಪಾನಾ
ಹೇಳಲಿಲ್ಲವಲ್ಲ.

ಬಿಸಿಲೂರ_ಸವಾರ
ಸುಯ್ ಅಂತು! ಸೈಕಲ್ ಟ್ಯೂಬ್ ಗಾಳಿ ಬಿಟ್ಟ ಹಾಗೆ. ಎರಡನೇ ಕಿಕ್‌ಗೆ ಚಾಲೂ. ಮನೆಗೆ ಬಂದು ಮುಚ್ಚಳ ತಿರುಗಿಸಿ ನೋಡಿದೆ. ರಬ್ಬರ್ ವಾಷರ್ ಒಂದು ಕಡೆ ಸರಿದು ತೂತಿನ ಮೇಲೇ ಕೂತಿದೆ. ತೂತು ಇರೋದೇ ಸೂಜಿ ಮೊನೆಯಷ್ಟು, ಅದರಲ್ಲಿ ಬೂದಿ ಬಣ್ಣದ ಧೂಳು ಗಟ್ಟಿಯಾಗಿ ಕಟ್ಟಿದೆ. ಡ್ರಿಲ್ ಮಾಡಿ ದೊಡ್ಡದು ಮಾಡಲಾ?

ಕಾರ್ಬುರೇಟರ್_ಕಾಕಾ
ಬೇಡ್ರಿ, ಮಳೆ ನೀರು ಇಳಿಯುತ್ತದೆ. ಸೂಜಿಯಿಂದ ಬಿಡಿಸಿ, ಪೆಟ್ರೋಲ್‌ನಲ್ಲಿ ತೊಳೆದು ಸೈಕಲ್ ಪಂಪ್ ಹೊಡೆಯಿರಿ. ವಾಷರ್ ಸರಿ ಕೂರದಿದ್ದರೆ ಒರಿಜಿನಲ್ ಮುಚ್ಚಳ ತನ್ನಿ. ಅಷ್ಟು ಧೂಳು ಅಲ್ಲಿದ್ದರೆ ಏರ್ ಫಿಲ್ಟರ್ ಗತಿ ಏನು? ಬಿಚ್ಚಿ ನೋಡಿ.

ಬೀದರ್_ಬುಲೆಟ್
ನನ್ನ ಬುಲೆಟ್ ಮುಚ್ಚಳ 1988ರದ್ದು, ಇನ್ನೂ ಅದೇ ಇದೆ. ಫೋಟೋ ಹಾಕಲಾ?

ಬಿಸಿಲೂರ_ಸವಾರ
ನಾಲ್ಕು ದಿನ ಆಯ್ತು, ಜೇವರ್ಗಿಗೆ ಹೋಗಿ ಬಂದೆ, ಒಂದ್ಸಲವೂ ನಿಂತಿಲ್ಲ. ಫಿಲ್ಟರ್ ನೋಡೋಕೆ ಟೈಮ್ ಸಿಕ್ಕಿಲ್ಲ. ಬಿಚ್ಚಿಸಿದ ಹಳೇ ಕಾಯಿಲ್ ಚೆನ್ನಾಗೇ ಇದೆ. ಯಾರಿಗಾದ್ರೂ ಬೇಕಾ? ಇನ್ನೂರು ಕೊಟ್ಟರೆ ಸಾಕು.

ಯಾದಗಿರಿ_ಪಾನಾ
ನನಗೆ ಬೇಕು. ಯಾವ ಗಾಡಿದು?

ಬಿಸಿಲೂರ_ಸವಾರ
100 ಸಿಸಿದು ಅಂತ ಮೇಲೇ ಬರೆದಿದ್ದೇನಲ್ಲ.