ಟರ್ಬೊ ಪ್ಯಾಸ್ಕಲ್‌ಗೆ ಉದ್ದದ ಫೈಲ್ ಹೆಸರು ತಿಳಿಸೋದು ಹೇಗೆ?

ಹಳೇಡಿಸ್ಕ್: ಟರ್ಬೊ ಪ್ಯಾಸ್ಕಲ್ 7ರಲ್ಲಿ (ಹಳೇ ಡಾಸ್ ಆಪರೇಟಿಂಗ್ ಸಿಸ್ಟಂನ ಪ್ರೋಗ್ರಾಮಿಂಗ್ ಸಾಧನ) ಬರೆದ ಪ್ರೋಗ್ರಾಂ ಒಂದು ನನ್ನ ಪಾಲಿಗೆ ಬಂದಿದೆ. 32 ಬಿಟ್ ವಿಂಡೋಸ್ ಎಕ್ಸ್‌ಪಿಯಲ್ಲಿ ಓಡುತ್ತದೆ. ಎಂಟು ಅಕ್ಷರದ ಹೆಸರು, ಮೂರು ಅಕ್ಷರದ ಎಕ್ಸ್‌ಟೆನ್ಷನ್, ಅದರಾಚೆಗೆ ಅದಕ್ಕೆ ಏನೂ ಗೊತ್ತಿಲ್ಲ. ‘ರಿಪೋರ್ಟ್ ಮಾರ್ಚ್’ ಫೈಲಿಗಾಗಿ ಸೆಟ್ಟಿಂಗ್ಸ್‌ನಲ್ಲಿ ರಿಪೋರ್ಟ್~1 ಅಂತ ಬರೆದಿಟ್ಟಿದ್ದೆ. ಎಲ್ಲವನ್ನೂ ಹೊಸ ಡಿಸ್ಕಿಗೆ ಕಾಪಿ ಮಾಡಿದ ಮೇಲೆ ಅದೇ ಹೆಸರಿಗೆ ಏಪ್ರಿಲ್ ಲೆಕ್ಕ ತೆರೆದುಕೊಂಡಿತು! ಯಾಕೆ?

ಬೈಟ್‌ಮರಿ: ಆ ~1 ಫೈಲಿನ ಸ್ವಂತ ಹೆಸರಲ್ಲ, ಉದ್ದದ ಹೆಸರಿಗೆ ವಿಂಡೋಸ್ ತಾನೇ ಕೊಡುವ ಗಿಡ್ಡ ಹೆಸರಿನ ಸರದಿ ನಂಬರ್. ಹೆಸರಿನ ಶುರು ಒಂದೇ ಇರುವ ಫೈಲುಗಳಲ್ಲಿ ಫೋಲ್ಡರಿಗೆ ಯಾವುದು ಮೊದಲು ಬಂತೋ ಅದಕ್ಕೆ 1. ಕಾಪಿ ಆಗುವಾಗ ಅಕ್ಷರ ಕ್ರಮದಲ್ಲಿ ಏಪ್ರಿಲ್ ಮೊದಲು ಬಂದಿದೆ, ಅಷ್ಟೇ. ಇಂಥ ಹೆಸರನ್ನು ಎಲ್ಲೂ ಬರೆದಿಡಬೇಡಿ. ಓಡುವಾಗಲೇ ಕೇಳಿ ತಿಳ್ಕೊಳ್ಳಿ: ಇಂಟರಪ್ಟ್ ಹೆಕ್ಸ್ 21 (ಪ್ರೋಗ್ರಾಂ ಡಾಸ್‌ನಿಂದ ಕೆಲಸ ಕೇಳುವ ಕರೆ), ಪ್ರೊಸೆಸರಿನ ಎಎಕ್ಸ್ ರಿಜಿಸ್ಟರಿನಲ್ಲಿ ಹೆಕ್ಸ್ 7160, ಸಿಎಲ್ ರಿಜಿಸ್ಟರಿನಲ್ಲಿ 1. ಉದ್ದದ ಹೆಸರು ಕೊಟ್ಟರೆ ಗಿಡ್ಡ ಹೆಸರು ಕೊಡುತ್ತದೆ. ಕರೆಯುವ ಮೊದಲು ಕ್ಯಾರಿ ಫ್ಲ್ಯಾಗ್ (ಪ್ರೊಸೆಸರಿನಲ್ಲಿರುವ ಒಂದು ಬಿಟ್‌ನ ಗುರುತು) ಸೆಟ್ ಮಾಡಿ.

ಸುಮ್ನೆಒಬ್ಬ: ಇಷ್ಟಕ್ಕೆ ಇಂಟರಪ್ಟ್ ಯಾಕೆ ಸ್ವಾಮಿ? ಒಂದು ಬ್ಯಾಚ್ ಫೈಲ್ (ಸಾಲಾಗಿ ಓಡುವ ಕಮಾಂಡುಗಳ ಪಟ್ಟಿ) ಬರೆದು ಎಲ್ಲವನ್ನೂ ಆರ್0001, ಆರ್0002 ಅಂತ ಬೇರೆ ಫೋಲ್ಡರಿಗೆ ಕಾಪಿ ಮಾಡಿ. ಯಾವ ನಂಬರಿಗೆ ಯಾವ ಹೆಸರು ಅಂತ ಒಂದು ಪಟ್ಟಿ ಇಡಿ. ಹಳೇ ಕೋಡು ಮುಟ್ಟೋದೇ ಬೇಡ.

ಬೈಟ್‌ಮರಿ: ಆಮೇಲೆ ಯಾರೋ ಕಾಪಿಯನ್ನು ತಿದ್ದುತ್ತಾರೆ, ಇನ್ಯಾರೋ ಮೂಲವನ್ನು. ಯಾವುದು ಸರಿ ಅಂತ ಹುಡುಕೋರು ಯಾರು?

ಸುಮ್ನೆಒಬ್ಬ: ಓದೋಕೆ ಮಾತ್ರ ಅಲ್ವಾ? ಕಾಪಿಗಳನ್ನು ರೀಡ್ ಓನ್ಲಿ ಮಾಡಿದರಾಯ್ತು. ಎನ್‌ಟಿಎಫ್‌ಎಸ್‌ನಲ್ಲಿ (ವಿಂಡೋಸ್ ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ವ್ಯವಸ್ಥೆ) ಗಿಡ್ಡ ಹೆಸರು ಹುಟ್ಟಿಸೋದನ್ನೇ ಆಫ್ ಮಾಡಿದ್ದರೆ ನಿಮ್ಮ 7160 ಏನು ತಂದುಕೊಡುತ್ತೆ?

ಕೋಲನ್: ಬರೆಯೋದಾದರೆ ಇನ್ನೊಂದು ಪೇಚಿದೆ. ಹಳೇ ಎಡಿಟರುಗಳು ಸೇವ್ ಮಾಡುವಾಗ ಫೈಲ್ ಅಳಿಸಿ ಅದೇ ಗಿಡ್ಡ ಹೆಸರಲ್ಲಿ ಹೊಸದು ಮಾಡುತ್ತವೆ. ಉದ್ದದ ಹೆಸರು ಹೋಗಬೇಕಿತ್ತು, ಆದರೆ ವಿಂಡೋಸ್ ಅದನ್ನು 15 ಸೆಕೆಂಡು ನೆನಪಿಟ್ಟುಕೊಂಡು ವಾಪಸ್ ಅಂಟಿಸುತ್ತದೆ. ತಡವಾದರೆ ಹೋಯ್ತು. (ವಿಷಯ ಬೇರೆ, ಆದರೂ ಹೇಳ್ತೀನಿ: ಎಚ್‌ಟಿಎಂ ಫೈಲುಗಳನ್ನಷ್ಟೇ ಅಳಿಸಲು ಸ್ಟಾರ್ ಹಾಕಿ ಡೆಲ್ ಕೊಟ್ಟರೆ ಎಚ್‌ಟಿಎಂಎಲ್ ಫೈಲುಗಳೂ ಹೋಗಬಹುದು. ಅವುಗಳ ಗಿಡ್ಡ ಹೆಸರಿನ ಕೊನೆಗೂ ಎಚ್‌ಟಿಎಂ ಇರುತ್ತದೆ. ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.)

ಹಳೇಡಿಸ್ಕ್: 7160 ಬರೆದೆ. ಫೈಲ್ ಸಿಗ್ತಿಲ್ಲ ಅನ್ನುತ್ತಿದೆ. ಹೆಸರನ್ನು ಪಾಥ್‌ಸ್ಟ್ರ್ (ಫೈಲ್ ಹೆಸರಿಗೆಂದೇ ಇರುವ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು) ವೇರಿಯಬಲ್‌ನಲ್ಲಿ ಇಟ್ಟು ಅದರ ವಿಳಾಸ ಕೊಟ್ಟಿದ್ದೇನೆ.

ಬೈಟ್‌ಮರಿ: ಎರಡು ತಪ್ಪಿವೆ. ಪಾಥ್‌ಸ್ಟ್ರ್‌ನಲ್ಲಿ 79 ಅಕ್ಷರಕ್ಕಷ್ಟೇ ಜಾಗ, ಉಳಿದದ್ದು ಸದ್ದಿಲ್ಲದೆ ಕತ್ತರಿಸಿ ಹೋಗುತ್ತದೆ. ಮಾಮೂಲಿ ಸ್ಟ್ರಿಂಗ್ ತಗೊಳ್ಳಿ, 255ರವರೆಗೆ ಹಿಡಿಯುತ್ತದೆ. ಮತ್ತೆ ಪ್ಯಾಸ್ಕಲ್ ಸ್ಟ್ರಿಂಗಿನ ಮೊದಲ ಬೈಟ್ ಅದರ ಉದ್ದ. ಡಾಸ್‌ಗೆ ಅದು ಬೇಡ, ಕೊನೆಯಲ್ಲಿ ಸೊನ್ನೆ ಬೈಟ್ ಬೇಕು. ಸೊನ್ನೆ ಸೇರಿಸಿ, ಒಂದನೇ ಅಕ್ಷರದ ವಿಳಾಸ ಕೊಡಿ.

ಹಳೇಡಿಸ್ಕ್: ಬಂತು! ಮಾರ್ಚ್ ಅಂದರೆ ಮಾರ್ಚೇ ತೆರೆಯುತ್ತಿದೆ. ಫೈಲ್ ಪಟ್ಟಿ ತೋರಿಸುವ ಡಿರ್ ಕಮಾಂಡಿಗೆ ಸ್ಲ್ಯಾಷ್ ಎಕ್ಸ್ ಹಾಕಿ ನೋಡಿದೆ, ಇಲ್ಲಿ ಎಲ್ಲ ಫೈಲಿಗೂ ಗಿಡ್ಡ ಹೆಸರಿದೆ. ಇಲ್ಲದ ಡಿಸ್ಕ್ ಎದುರಾದ ದಿನ, ಸುಮ್ನೆಒಬ್ಬ ಅವರೇ, ನಿಮ್ಮ ಬ್ಯಾಚ್ ಫೈಲ್ ಕೇಳ್ತೀನಿ.

ಸುಮ್ನೆಒಬ್ಬ: ಈಗಲೇ ಬರೆದಿಡ್ತೀನಿ.